ಹೊಂಟ್ನಿ ಅನ್ನಬಾರದು

ಗೋಕಾಕದ ಕಾಲೇಜಿನಲ್ಲಿ ಒಂದು ಕಥೆಯನ್ನು ವಿಶ್ಲೇಷಿಸಿ ಮಾತಾಡಬೇಕಿತ್ತು. ಅದೇ ಮೊದಲ ಸಲ. ಮೂಡಲಗಿ–ಗೋಕಾಕ ಬಸ್ಸು ನಮ್ಮ ಕಲ್ಲೋಳಿಗೆ ಬಂದು ಹಾರ್ನ್ ಹೊಡೆದದ್ದು ಕೇಳಿ, “ಅವ್ವಾ, ನಾ ಹೊಂಟ್ನಿ” ಎಂದು ಚೀಲ ಎತ್ತಿಕೊಂಡು ಓಡಿದೆ.

“ಹೊಂಟ್ನಿ ಅನಬಾರ್ದೋ! ಬರ್ತೇನಿ ಅನ್ನು!” ಎಂದು ಅವ್ವ ಹಿಂದಿನಿಂದ ಕೂಗಿದಳು.

ಬಸ್ಸಿನಲ್ಲಿ ಕಥೆಯನ್ನು ಮತ್ತೆ ತೆರೆದೆ. ಗಂಡನೊಡನೆ ಜಗಳವಾಡಿದ ಹೆಂಗಸೊಬ್ಬಳು ಕೊನೆಗೆ ತವರಿಗೆ ಹೊರಡುತ್ತಾಳೆ. ಮನೆಯಲ್ಲಿ ಆರದೆ ಉಳಿದ ದೀಪ ಆಸೆಯ ಸಂಕೇತ, ಆಕೆ ಮರಳಿ ಬಂದೇ ಬರುತ್ತಾಳೆ ಎಂದು ನಾನು ಪುಟಗಟ್ಟಲೆ ಬರೆದುಕೊಂಡಿದ್ದೆ. ಆದರೆ ಹೊಸ್ತಿಲು ದಾಟುವಾಗ ಆಕೆ ಆಡುವುದು ಒಂದೇ ಮಾತು: “ನಾನು ಹೋಗ್ತೀನಿ.” ಹೋಗಿ ಬರ್ತೀನಿ ಅಲ್ಲ. ಎಷ್ಟೋ ಸಲ ಓದಿದರೂ ಆ ಶಬ್ದ ಕಣ್ಣಿಗೇ ಬಿದ್ದಿರಲಿಲ್ಲ. ಸಂಕೇತ ಹುಡುಕುವ ನನ್ನ ಹುಚ್ಚಿಗೆ ಬೆಂಕಿ ಬೀಳಲಿ!

ಸಭೆಯಲ್ಲಿ ಬರೆದದ್ದನ್ನೆಲ್ಲ ಬದಿಗಿಟ್ಟು, ಆ ಒಂದು ಶಬ್ದದ ಬಗ್ಗೆಯೇ ತಡವರಿಸುತ್ತ ಮಾತಾಡಿದೆ. ಕೊನೆಯಲ್ಲಿ ಪ್ರಾಧ್ಯಾಪಕರೊಬ್ಬರು, “ಹಂಗಾದ್ರ ಆಕಿ ತಿರುಗಿ ಬರೂದಿಲ್ಲೇನ್ರಿ?” ಎಂದು ಕೇಳಿದರು.

“ಇಲ್ರಿ. ಬರಾಕಿ ಹಂಗ ಅನ್ನೂದಿಲ್ಲ” ಎಂದೆ. ಅಂದ ಕೂಡಲೇ ಮುಂಜಾನೆ ಅವ್ವ ಹಿಂದಿನಿಂದ ಕೂಗಿದ್ದು ನೆನಪಾಯಿತು. ಹೊರಗೆ ಬಂದವನೇ ಮನೆಗೆ ಫೋನ್ ಹಚ್ಚಿದೆ.

“ಅವ್ವಾ, ಮುಂಜಾನಿ ನಾ ಕಡೀಕ ಬರ್ತೇನಿ ಅಂದ್ನಿಲ್ಲ?”

“ಎಲ್ಲಿ ಅಂದಿ? ಅದಕ್ಕ ಇನ್ನೂ ಬಾಗಲದಾಗ ಕುಂತೇನಿ.”