ಐವತ್ತನಾಲ್ಕಕ್ಕೊಮ್ಮೆ ಹಾರುವ ಗೆರೆ

ಹುಮನಾಬಾದಿನ ನಮ್ಮ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಎರಡು ಲೇಥ್ ಇವೆ. ಸಣ್ಣದು ಕೈಯಿಂದ ನಡೆಸುವಂಥದ್ದು. ಅದರ ಮುಂದೆ ನಾನು ಮೂವತ್ತು ವರ್ಷ ನಿಂತಿದ್ದೇನೆ. ದೊಡ್ಡದು ತಾನೇ ನಡೆಯುವಂಥದ್ದು. ನನ್ನ ಗಂಡ ಅದನ್ನು ಪುಣೆ ಕಡೆಯಿಂದ ಹಳೆಯದೇ ತಂದಿದ್ದ. ಅದನ್ನು ನಡೆಸುವ ಪೆಟ್ಟಿಗೆ ಒಂದು ಸಿಡಿಲಿಗೆ ಸುಟ್ಟುಹೋಯಿತು. ಮರುವರ್ಷ ಗಂಡನೂ ಹೋದ. ದೊಡ್ಡ ಲೇಥ್ ತಾಡಪತ್ರಿ ಹೊದ್ದುಕೊಂಡು ಕೂತಿತು.

ಶೆಡ್ಡಿನ ಜಾಗದಲ್ಲಿ ನನ್ನ ಮೈದುನನಿಗೂ ಪಾಲಿದೆ. ದಿನಕರ್ಮ ಮುಗಿದ ವಾರಕ್ಕೇ ಬಂದು ಕಟ್ಟೆ ಮೇಲೆ ಕೂತ.

"ವೈನಿ, ಇನ್ನ ಎಷ್ಟು ದಿನ ನಿಂದರ್ತೀರಿ ಲೇಥಿನ ಮುಂದ? ನಿಮ್ಮ ಮೊಣಕಾಲ ನೋಡ್ಕೋರಿ. ದೊಡ್ಡದು ಗುಜರಿಗಿ ಹಾಕೂಣು. ಟೈರ್ ಅಂಗಡಿಯವ ಜಾಗಾ ಕೇಳಾಕತ್ತಾನ, ಶೆಡ್ ಅವಂಗ ಕೊಡೂಣು. ನೀವು ನಮ್ಮ ಮನ್ಯಾಗ ಆರಾಮ ಕೂಡ್ರಿ."

ಆರಾಮ ಕೂಡುವುದೆಂದರೆ ಏನೆಂದು ನನಗೆ ಗೊತ್ತು. ಅವನ ಹೆಂಡತಿಯ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುವುದು.

ನನ್ನ ಮಗಳು ಡಿಪ್ಲೊಮಾ ಓದಿದವಳು. ಬಸವಕಲ್ಯಾಣಕ್ಕೆ ಕೊಟ್ಟಿದ್ದೆವು. ಒಗ್ಗಲಿಲ್ಲ, ತಿರುಗಿ ಬಂದಳು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವಳೇ ಮುಂದೆ ಬಂದು ಹೇಳಿದಳು, "ಕಾಕಾ, ದೀಪಾವಳಿ ತನಕ ತಡೀರಿ. ಕಬ್ಬಿನ ಗಾಣ ಶುರು ಆಗೂದ್ರಾಗ ದೊಡ್ಡ ಲೇಥಿನ ಮ್ಯಾಲ ಗಾಣದ ರೋಲರ್ ಮಾಡಿ ತೋರಸ್ತೀನಿ."

"ಆಗ್ಲಿಲ್ಲಂದ್ರ?"

"ಆಗ್ಲಿಲ್ಲಂದ್ರ ಟೈರಿನವಂಗ ಕೊಡ್ರಿ."

ಮಾತು ಅಷ್ಟಕ್ಕೆ ನಿಂತಿತು. ನನ್ನನ್ನು ಯಾರೂ ಕೇಳಲಿಲ್ಲ.

ಸುಟ್ಟುಹೋದಂಥ ಪೆಟ್ಟಿಗೆ ಈಗ ಯಾರೂ ಮಾಡುವುದಿಲ್ಲವಂತೆ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪ್ರೋಗ್ರಾಮ್ ಹಾಕಿದರೆ ಆ ಕಂಪ್ಯೂಟರೇ ಲೇಥನ್ನು ನಡೆಸುತ್ತದೆ ಎಂದಳು ಮಗಳು.

"ಲಿನಕ್ಸ್ ಯಾವ ಕಂಪನೀದು?" ಎಂದು ಕೇಳಿದೆ.

"ಯಾ ಕಂಪನೀದೂ ಅಲ್ಲವ್ವ. ಮಂದಿ ಕೂಡಿ ಮಾಡ್ಯಾರ, ಮಂದಿಗಿ ಬಿಟ್ಟಾರ. ಪುಕ್ಕಟೆ."

"ಪುಕ್ಕಟೆ ಮಾಡ್ದವ್ರಿಗಿ ಏನ್ ಸಿಗ್ತದ?"

"ಹೆಸರು ಇರ್ತದ. ಪ್ರೋಗ್ರಾಮಿನ್ಯಾಗ ಒಂದು ಸಾಲು ಸರಿ ಮಾಡಿದ್ರೂ ಅವರ ಹೆಸರು ಬರದಿಡ್ತಾರ."

ಒಳ್ಳೆಯ ಮಂದಿ ಎಂದುಕೊಂಡೆ.

ಬಸವಕಲ್ಯಾಣದಲ್ಲಿ ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಎರಡು ಹಳೆಯ ಡಬ್ಬಿಗಳು ಸಿಕ್ಕವು. ಹಿಂದುಗಡೆ ಪ್ರಿಂಟರ್ ವೈರು ಚುಚ್ಚುವ ಅಗಲವಾದ ಬಾಯಿ ಅವುಗಳಿಗೆ ಇತ್ತು, ಹೊಸವಕ್ಕೆ ಇರುವುದಿಲ್ಲ. ಲೇಥಿಗೆ ಹೋಗುವ ವೈರು ಕೂಡುವುದು ಅಲ್ಲೇ. ಬಸ್ಸಿನಲ್ಲಿ ಒಂದು ಅವಳ ತೊಡೆ ಮೇಲೆ, ಒಂದು ನನ್ನ ತೊಡೆ ಮೇಲೆ. ಕಂಡಕ್ಟರ್ ಬಂದು, "ಅಜ್ಜಿ, ಏನಿದು ಹೊತ್ಕೊಂಡು ಹೊಂಟೀರಿ?" ಎಂದ.

"ಲೇಥ್ ನಡಸೂ ತೆಲಿ."

"ಇದಕ್ಕೂ ಅರ್ಧ ಟಿಕೀಟ್ ತಗೋಬೇಕಾಗ್ತದ ಮತ್ತ."

"ಬುದ್ಧಿ ಅದನೋ ಇಲ್ಲೋ ಇನ್ನಾ ನೋಡಿಲ್ಲಪಾ. ಇದ್ರ ಬಂದು ಕೊಡ್ತೀನಿ."

ಮಗಳು ಪೆನ್ ಡ್ರೈವಿನಿಂದ ಲಿನಕ್ಸ್ ಹಾಕಿದಳು. ಲೇಥಿಗೆ ಹೊಸ ಮೋಟರ್ ಕಟ್ಟಿದಳು. ಒಂದು ತುಂಡು ಕಬ್ಬಿಣ ಹಿಡಿಸಿ ಗೆರೆ ಕೊರೆಯಲು ಬಿಟ್ಟಳು. ಅರ್ಧ ದೂರ ನೆಟ್ಟಗೆ ಹೋದ ಗೆರೆ ನಡುವೆ ಸೊಟ್ಟಗಾಯಿತು. ಮತ್ತೊಂದು ತುಂಡು, ಮತ್ತೆ ಹಾಗೆಯೇ. ಮೈದುನ ಬಂದು ಆ ಸೊಟ್ಟ ಜಾಗದಲ್ಲಿ ಬೆರಳಿಟ್ಟು ನೋಡಿದ. ಬೆರಳು ಒರೆಸಿಕೊಂಡು ಹೋದ.

ಕಂಪ್ಯೂಟರ್ ಆ ಮೋಟರಿಗೆ ಒಂದೇ ಸಮನೆ ತಟ್ಟುತ್ತಿರಬೇಕು. ಒಂದು ತಟ್ಟು ತಡವಾದರೂ ಮೋಟರ್ ಹಿಂದೆ ಬೀಳುತ್ತದೆ, ಕೆಲಸ ಕೆಡುತ್ತದೆ. ತಡವಾಗುತ್ತದೋ ಇಲ್ಲವೋ ನೋಡಲು ಲಿನಕ್ಸಿನಲ್ಲಿ ಒಂದು ಪರೀಕ್ಷೆ ಇದೆ. ಪರದೆ ಮೇಲೆ ಒಂದು ಗೆರೆ ಓಡುತ್ತಿರುತ್ತದೆ. ಸುಮ್ಮನೆ ಓಡಿದರೆ ಸರಿ. ತಟ್ಟನೆ ಮೇಲಕ್ಕೆ ಹಾರಿದರೆ ಅಲ್ಲಿ ತಡವಾಯಿತು ಎಂದು. ನಮ್ಮದು ಹಾರುತ್ತಿತ್ತು. ಮಗಳು ಬಾಜೂಕಿನ ವೆಲ್ಡಿಂಗಿನವನನ್ನು ಬೈದಳು. ಕರೆಂಟನ್ನು ಬೈದಳು. ಫ್ಯಾನ್ ಬದಲಿಸಿದಳು, ಲಿನಕ್ಸ್ ಅಳಿಸಿ ಮೂರು ಸಲ ಹೊಸದಾಗಿ ಹಾಕಿದಳು. ಆಮೇಲೆ ನನ್ನನ್ನು ಕುರ್ಚಿ ಮೇಲೆ ಕೂಡಿಸಿ, "ನೀ ಇದನ್ನ ನೋಡ್ಕೋತ ಕೂಡವ್ವ, ನಾ ಉಂಡು ಬರ್ತೀನಿ" ಎಂದಳು.

ಸಣ್ಣ ಲೇಥಿನ ಗಾಲಿ ಮೇಲಿನ ಅಳತೆಯ ಸಣ್ಣ ಸಣ್ಣ ಗೀಟು ನನಗೆ ಎಂದೂ ಸರಿಯಾಗಿ ಓದಲು ಬರಲಿಲ್ಲ. ನಾನು ಓದಿದ್ದು ಮೂರನೆಯ ಇಯತ್ತೆ. ಅದಕ್ಕೆ ಉಳಿ ಎಲ್ಲಿಯವರೆಗೆ ಹೋಯಿತು ಎಂಬುದನ್ನು ನಮಃ ಶಿವಾಯ ಎಣಿಸಿ ತಿಳಿಯುತ್ತಿದ್ದೆ. ಇಷ್ಟುದ್ದಕ್ಕೆ ನಲವತ್ತು, ಅಷ್ಟುದ್ದಕ್ಕೆ ಎಪ್ಪತ್ತೆರಡು. ಎಣಿಕೆ ಮುಗಿದ ಕ್ಷಣ ಹಿಡಿಕೆ ಎತ್ತುವುದು. ಅದರಲ್ಲಿ ಭಕ್ತಿ ಗಿಕ್ತಿ ಇರಲಿಲ್ಲ, ಅದು ಕೆಲಸ. ಮೂವತ್ತು ವರ್ಷದಲ್ಲಿ ಆ ಎಣಿಕೆ ಹೆಚ್ಚು ಕಡಿಮೆ ಆಗದಂತೆ ಕೂತುಬಿಟ್ಟಿದೆ. ಈಗ ಯಾವುದರ ಮುಂದೆ ಕೂತರೂ ಬಾಯಿ ತಾನೇ ಎಣಿಸುತ್ತದೆ.

ಆ ಗೆರೆಯ ಮುಂದೆಯೂ ಎಣಿಸಿತು. ಐವತ್ತನಾಲ್ಕಕ್ಕೆ ಹಾರಿತು. ಮತ್ತೆ ಐವತ್ತನಾಲ್ಕಕ್ಕೆ. ಮತ್ತೆ. ಮಗಳು ಕೈ ಒರೆಸಿಕೊಳ್ಳುತ್ತ ಬಂದಳು.

"ಇದು ಸುಮ್ಮ ಸುಮ್ಮನ ಹಾರಾಕತ್ತಿಲ್ಲ. ಐವತ್ತನಾಲ್ಕು ನಮಃ ಶಿವಾಯಕ್ಕ ಒಮ್ಮಿ ಹಾರಾಕತ್ತದ."

"ಜಪಾ ಮಾಡಿದ್ರ ಲಿನಕ್ಸ್ ನಡೀತದೇನವ್ವ?"

"ಕೆಲಸದ ಮಾತು ಹೇಳಾಕತ್ತೇನಿ. ಗಡಿಯಾರ ಹಚ್ಚಿ ನೋಡು."

ಮೊಬೈಲಿನ ಗಡಿಯಾರ ಹಚ್ಚಿದಳು. ಅರವತ್ತನಾಲ್ಕು ಸೆಕೆಂಡು. ಎರಡನೆಯ ಸಲವೂ ಅಷ್ಟೇ, ಹತ್ತನೆಯ ಸಲವೂ ಅಷ್ಟೇ. ಅವಳ ಮುಖ ಬದಲಾಯಿತು. ಅದನ್ನೇ ಇಂಟರ್‌ನೆಟ್ಟಿನಲ್ಲಿ ಬರೆದು ಕೇಳಿದಳು. ಎಲ್ಲಿಯವನೋ ಒಬ್ಬ ಉತ್ತರ ಕೊಟ್ಟ: ಲಿನಕ್ಸಿನ ತಪ್ಪಲ್ಲ, ಕಂಪ್ಯೂಟರಿನ ಬೋರ್ಡೇ ಹೊತ್ತಿಗೆ ಸರಿಯಾಗಿ ತನ್ನ ಯಾವುದೋ ಕೆಲಸಕ್ಕೆಂದು ನಡುವೆ ಎದ್ದು ಹೋಗುತ್ತದೆ, ಲಿನಕ್ಸಿಗೂ ಗೊತ್ತಾಗುವುದಿಲ್ಲ, ಹೀಗೆ ಹೀಗೆ ಮಾಡಿದರೆ ನಿಲ್ಲುತ್ತದೆ ಎಂದು. ಹಾಗೆ ಮಾಡಿದಳು. ಗೆರೆ ನೀರಿನ ಹಾಗೆ ಓಡಿತು.

ದೀಪಾವಳಿಗೆ ಎಂಟು ದಿನ ಮೊದಲು ರೋಲರ್ ಆಯಿತು. ಹಳ್ಳಿಖೇಡದ ಕಡೆಯ ಗಾಣದವನೊಬ್ಬ ಉಗುರಿನಿಂದ ಗೆರೆ ಗೀರಿ ನೋಡಿ, "ಭಾರಿ ಆಗ್ಯಾದ. ಬಂದ್ ಬಿದ್ದಿತ್ತಲ್ಲ, ಏನ್ ಆಗಿತ್ತು ಇದಕ್ಕ?" ಎಂದ.

ಮಗಳು ಹೇಳಿದಳು, "ಬೋರ್ಡಿಂದು ಖರಾಬಿ ಇತ್ರಿ. ಅರವತ್ತನಾಲ್ಕು ಸೆಕೆಂಡಿಗಿ ಒಮ್ಮಿ ತಡಾ ಮಾಡ್ತಿತ್ತು. ನಾನೇ ಹುಡುಕಿದೆ."

ಮೈದುನ ಅಲ್ಲೇ ಇದ್ದ. "ನಮ್ಮ ಅಣ್ಣನ ಮಗಳಲ್ಲ" ಎಂದ. ಶೆಡ್ ಉಳಿಯಿತು. ನಾನು ಕಬ್ಬಿಣದ ಚೂರು ಗುಡಿಸುತ್ತಿದ್ದೆ, ಗುಡಿಸುವುದನ್ನು ಮುಂದುವರಿಸಿದೆ.

ಗಾಣದವ ಹೋದ ಮೇಲೆ ಕೇಳಿದೆ, "ಯಾರು ಹುಡುಕಿದ್ದು?"

"ಅವ್ವಾ, ಮುದುಕಿ ಜಪಾ ಎಣಿಸಿ ಹುಡುಕ್ಯಾಳ ಅಂದ್ರ ಯಾರು ಕೆಲಸ ತರ್ತಾರ? ನಗ್ತಾರ."

"ಇಂಟರ್‌ನೆಟ್ಟಿನ್ಯಾಗರ ಏನ್ ಬರದಿ?"

"ಅಲ್ಲೂ ನಾನೇ ಅಂತ ಬರದೀನಿ. ಭಾಳ ಮಂದಿ ಚಲೋ ಮಾಡೀರಿ ಅಂದಾರ."

ಲಕ್ವಾ ಹೊಡೆದು ನನ್ನ ಗಂಡನ ಬಲಗೈ ಬಿದ್ದುಹೋದ ಮೇಲೆ ಶೆಡ್ಡಿನ ಎಲ್ಲ ಕೆಲಸ ನನ್ನ ಕೈಯದು. ಗಿರಾಕಿಗಳು ಅವನಿಗೆ, "ನಿಮ್ಮ ಕೈ ಅಂದ್ರ ಕೈರಿ" ಎನ್ನುತ್ತಿದ್ದರು. ಅವನು ಹೌದೆನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ಚಹಾ ಕುಡಿಯುತ್ತಿದ್ದ. ಅವನ ಮಟ್ಟಿಗೆ ಸುಮ್ಮನಿದ್ದೆ, ಗಂಡ ಎಂದು. ಮಗಳು ಓದಿದವಳು. ಒಂದು ಸಾಲು ಸರಿ ಮಾಡಿದವರ ಹೆಸರೂ ಬರೆಯುತ್ತಾರೆ ಎಂದು ಹೇಳಿದವಳು ಅವಳೇ.

ಹೋದ ತಿಂಗಳು ಆ ಕಂಪ್ಯೂಟರ್ ಸತ್ತಿತು. ಎರಡನೆಯ ಡಬ್ಬಿಗೆ ಲಿನಕ್ಸ್ ಹಾಕಿದಳು. ಅದರ ಗೆರೆಯೂ ಹಾರುತ್ತದೆ, ಆದರೆ ಬೇರೆ ರೀತಿ. ಮೊದಲಿನ ಮದ್ದು ನಾಟಲಿಲ್ಲ. ಗಾಣದವ ಹೊರಗೆ ಕೂತಿದ್ದಾಗ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅವ್ವಾ, ಒಂದೀಟು ಎಣಿಸಿಕೊಡು" ಎಂದಳು.

"ಅವನ ಮುಂದ ಬಂದು ಕೇಳು, ಎಣಸ್ತೀನಿ."

ಮಗಳು ನನ್ನನ್ನು ನೋಡಿದಳು. ಹೊರಗೆ ಹೋಗಿ ಅವನಿಗೆ ಮುಂದಿನ ವಾರ ಬರಲು ಹೇಳಿದಳು. ಅವನು ಹೋದವನು ಮತ್ತೆ ಬಂದಿಲ್ಲ. ನಿನ್ನೆ ಮೈದುನ ಟೈರಿನವನನ್ನು ಕರೆತಂದಿದ್ದ. ಟೇಪು ಹಿಡಿದು ಬಾಗಿಲು ಅಳೆದುಕೊಂಡು ಹೋದರು.

ಮಗಳು ಮೊಬೈಲ್ ಹಿಡಿದು ಪರದೆಯ ಮುಂದೆ ಕೂತೇ ಇದ್ದಾಳೆ. ಅವಳಿಗೆ ಲೆಕ್ಕ ಹತ್ತುತ್ತಿಲ್ಲ. ಈ ಗೆರೆ ಹದಿನೇಳಕ್ಕೊಮ್ಮೆ ಹಾರುತ್ತದೆ, ಆಮೇಲೆ ಮೂವತ್ತೊಂದಕ್ಕೆ, ಮತ್ತೆ ಹದಿನೇಳಕ್ಕೆ. ಸಣ್ಣ ಲೇಥಿನ ಹತ್ತಿರದಿಂದಲೇ ನನಗೆ ಕಾಣುತ್ತದೆ. ಮಂದಿಯ ಮುಂದೆ ಅವಳು ಇನ್ನೂ ಕೇಳಿಲ್ಲ.