ಗೇಟಿನ ಕಂಪ್ಯೂಟರ್ ಮಾತ್ರ ಯಾಕೆ ಹಿಂದೆ?

ನಾನು ಸರಿ ಮಾಡಿದ್ದನ್ನು ಯಾರೋ ದಿನಾ ಬೆಳಗ್ಗೆ ಕೆಡಿಸುತ್ತಿದ್ದರು.

ಪೀಣ್ಯದಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವ ಫ್ಯಾಕ್ಟರಿ ನಿಮಗೆ ಗೊತ್ತೇ ಇದೆ. (ಹೌದು, ಪ್ರಿಂಟರ್ ಒಳಗೆ ಜಿರಳೆ ಸಂಸಾರ ಹೂಡಿತ್ತು ಅಂತ ಹಿಂದೊಮ್ಮೆ ಬರೆದಿದ್ದೆನಲ್ಲ, ಅದೇ ಜಾಗ.) ಅಲ್ಲಿ ಒಂದೊಂದು ಕಂಪ್ಯೂಟರ್‌ಗೂ ಒಂದೊಂದು ಟೈಮ್. ಸ್ಟೋರ್ಸ್‌ನಿಂದ ಮಾಲು ಹೊರಟಿದ್ದು ಹತ್ತಕ್ಕೆ, ಡಿಸ್ಪ್ಯಾಚ್ ತಲುಪಿದ್ದು ಒಂಬತ್ತೂ ಮುಕ್ಕಾಲಿಗೆ! ತಲೆ ಕೆಟ್ಟು ಒಂದು ಸ್ಕ್ರಿಪ್ಟ್ ಬರೆದೆ. ಇನ್ನು ಮೇಲೆ ಎಲ್ಲ ಕಂಪ್ಯೂಟರ್‌ಗಳೂ ಸರ್ವರನ್ನು ಕೇಳಿ ತಾವೇ ಟೈಮ್ ಸರಿ ಮಾಡಿಕೊಳ್ಳಬೇಕು. ಯಾರೂ ಕೈ ಹಾಕುವಂತಿಲ್ಲ. ನನಗೋ ಭಾರೀ ಜಂಭ.

ಗೇಟಿನ ಹಾಜರಿ ಕಂಪ್ಯೂಟರ್ ಮಾತ್ರ ಬಗ್ಗಲಿಲ್ಲ. ಸರ್ವರ್ ರಿಪೋರ್ಟ್ ಪ್ರಕಾರ ಬೆಳಗ್ಗೆ ಹತ್ತು ನಿಮಿಷ ಹಿಂದೆ. ಹೋಗಿ ನೋಡಿದರೆ ಸರಿಯಾಗಿಯೇ ಇದೆ! ಬ್ಯಾಟರಿ ಬದಲಿಸಿದೆ. ಕೇಬಲ್ ಬದಲಿಸಿದೆ. ಊಹೂಂ. ಹಟಕ್ಕೆ ಬಿದ್ದು ನಿಮಿಷಕ್ಕೊಮ್ಮೆ ಸರ್ವರ್ ಟೈಮಿಗೆ ಸಿಂಕ್ ಆಗುವ ಹಾಗೆ ಮಾಡಿದೆ. ಈಗೇನು ಮಾಡ್ತೀಯಾ?

ಮರುದಿನವೇ ಎಲ್ಲರ ಹಾಜರಿ, ರಜೆ ನೋಡಿಕೊಳ್ಳುವ ಟೈಮ್ ಆಫೀಸಿನ ರತ್ನಕ್ಕ ನನ್ನ ಟೇಬಲ್ ಮುಂದೆ ಹಾಜರ್. ಜೊತೆಗೆ ಪ್ಯಾಕಿಂಗ್ ಸೆಕ್ಷನ್ನಿನ ಶಾಂತವ್ವ, ಕಣ್ಣಲ್ಲಿ ನೀರು.

"ಕಂಪ್ಯೂಟರ್ ಕೆಟ್ಟಿಲ್ಲ ಸಾರ್," ಅಂದರು ರತ್ನಕ್ಕ. "ದಿನಾ ನಾನೇ ಟೈಮ್ ಹಿಂದಕ್ಕೆ ಇಡ್ತಿದ್ದೆ. ಇವ್ಳು ಒಳಗೆ ಬಂದ್ಮೇಲೆ ಸರಿ ಮಾಡ್ಬಿಡ್ತಿದ್ದೆ. ಇವತ್ತು ಲೇಟ್ ಮಾರ್ಕ್ ಬಿದ್ದೋಯ್ತು."

ಇನ್ನೊಂದು ಬಿದ್ದರೆ ಶಾಂತವ್ವನ ಕೆಲಸಕ್ಕೇ ಸಂಚಕಾರ. ಬೇಗ ಹೊರಡಬಾರದೇನಮ್ಮಾ ಅಂದೆ.

"ನಮ್ಮ ಶಿಫ್ಟು, ಅಂಗನವಾಡಿ, ಎರಡೂ ಒಂದ ಟೈಮಿಗ್ರಿ ಸರ. ಟೀಚರ್ ಬರೂಕಿಂತ ಮುಂಚೆ ಕೂಸನ್ನ ಬಾಗಲದಾಗ ಬಿಟ್ಟು ಬರಾಕ ಆಗತೈತೇನ್ರಿ?"

ರತ್ನಕ್ಕನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅರ್ಧ ದಿನದ ರಜೆ ಅರ್ಜಿಗೂ ಮೂರು ಪ್ರಶ್ನೆ ಹಾಕುವ ಈ ಹೆಂಗಸು, ಯಾರದೋ ಮಗುವಿಗಾಗಿ ದಿನಾ ಕಾಲವನ್ನೇ ಹಿಡಿದು ನಿಲ್ಲಿಸುತ್ತಿದ್ದರು!

ಹಾಜರಿ ಸಾಫ್ಟ್‌ವೇರಿನಲ್ಲಿ 'ಗ್ರೇಸ್ ಟೈಮ್' ಅಂತ ಒಂದು ಆಪ್ಷನ್ ಇದೆ. ಅದರಲ್ಲಿ ಎಷ್ಟು ಹಾಕುತ್ತೇವೋ ಅಷ್ಟು ನಿಮಿಷ ತಡವಾದರೂ ಲೇಟ್ ಮಾರ್ಕ್ ಬೀಳುವುದಿಲ್ಲ. ಮ್ಯಾನೇಜರ್ ಬಳಿ ಹೋಗಿ, ಶಾಂತವ್ವನ ಕಷ್ಟ ಹೇಳಿ, ಆನ್ ಮಾಡಲಾ ಅಂದೆ. (ರತ್ನಕ್ಕನ ಕೈಚಳಕದ ಸುದ್ದಿ ಎತ್ತಲಿಲ್ಲ.)

"ಹಾಕ್ರೀ ಹಾಕ್ರೀ," ಅಂದರು. "ಗೊರಗುಂಟೆಪಾಳ್ಯ ಸಿಗ್ನಲ್ ಟ್ರಾಫಿಕ್ ದಾಟಿ ಬರೋ ನನಗೂ ಬೇಕು ಅದು."

ಶಾಂತವ್ವನ ಆವತ್ತಿನ ಲೇಟ್ ಮಾರ್ಕೂ ಹೋಯಿತು. ರತ್ನಕ್ಕ ಮಾತ್ರ ನನ್ನನ್ನೇ ದುರುಗುಟ್ಟಿ ನೋಡಿದರು. "ಇದು ಮೊದ್ಲಿಂದ್ಲೂ ಇತ್ತಾ ಸಾರ್?"

ಇತ್ತು.

ಟೈಮ್ ಎಷ್ಟು ಅಂತ ಗೇಟಿನ ಕಂಪ್ಯೂಟರ್ ನಿಮಿಷಕ್ಕೊಮ್ಮೆ ಸರ್ವರನ್ನು ಕೇಳುತ್ತದೆ. ಯಾಕಮ್ಮಾ ಲೇಟು ಅಂತ ಶಾಂತವ್ವನನ್ನು ಕೇಳಲು ನಮಗೇಕೆ ಇಷ್ಟು ಲೇಟಾಯಿತು?