ಕರುಪ್ಪಿ ಕಡಿದ ಚುಕ್ಕೆ ಎಲೆ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಾವು ಹಿಡಿದ ಬಾಡಿಗೆ ಮನೆಯ ಬಾಗಿಲು ತೆಗೆದಾಗ, ನಮಗಿಂತ ಮೊದಲೇ ಒಂದು ಕರಿ ಬೆಕ್ಕು ಒಲೆಕಟ್ಟೆಯ ಮೇಲೆ ಕೂತಿತ್ತು. ನಾನು "ಹೋಗ, ಹೋಗ" ಎಂದು ಸೆರಗು ಬೀಸಿದೆ. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ಅದಕ್ಕೆ ಕನ್ನಡ ಬರಲ್ಲ" ಎಂದರು ಮನೆ ಒಡತಿ ಗಿರಿಜಮ್ಮ. "ಮುಂಚೆ ಇಲ್ಲಿದ್ದ ಫ್ಯಾಕ್ಟರಿಯ ತಮಿಳರು ಬಿಟ್ಟುಹೋದ್ರು. ಕರುಪ್ಪಿ ಅಂತ ಹೆಸರು. 'ಇಂಗೆ ವಾ' ಅಂದ್ರೆ ಬರುತ್ತೆ."

ನಾನು ವಿಜಾಪುರದವಳು. ನಮ್ಮವರಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತೆಂದು ಜೋಳದ ಹಿಟ್ಟಿನ ಡಬ್ಬಿ ಹೊತ್ತು ಬಂದವಳು. ಕನ್ನಡ ನಾಡೇ ಅಲ್ಲವೇ, ಮಾತಿಗೇನು ತೊಂದರೆ ಎಂದುಕೊಂಡಿದ್ದೆ. ಆದರೆ ನಾನು ಬಾಯಿ ತೆರೆದರೆ ಅಂಗಡಿಯವನು "ಏನಂದ್ರಿ?" ಎಂದು ಎರಡು ಸಲ ಕೇಳುತ್ತಿದ್ದ. ಗಿರಿಜಮ್ಮ ಇದ್ದದ್ದು ಅದೇ ಮನೆಯ ಇನ್ನರ್ಧದಲ್ಲಿ, ನಡುವೆ ಒಂದೇ ಬಾಗಿಲು. ಒಳ್ಳೆಯವರೇ, ಆದರೆ ಬಾಡಿಗೆಯವರ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತು. ನಮ್ಮವರು ಪಾಳಿಯ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು, ಕರುಪ್ಪಿ. ಹೀಗೆ ಹೊಸ ಊರಿನಲ್ಲಿ ನಾನು ಮೊದಲು ಕಲಿತದ್ದು ತಮಿಳು, ಅದೂ ಬೆಕ್ಕಿಗಾಗಿ.

ಈ ಊರಿನಲ್ಲಿ ನನ್ನನ್ನು ಬೆರಗುಗೊಳಿಸಿದ್ದು ನೀರು. ನಮ್ಮ ಕಡೆ ಬಾವಿಯಿಂದ ಕೊಡದಲ್ಲಿ ಹೊತ್ತು ತರಬೇಕು, ಮುಖ ತೊಳೆದ ನೀರೂ ಮೆಣಸಿನ ಗಿಡಕ್ಕೆ ಹೋಗಬೇಕು. ಹೂವನ್ನೋ ಕಾಯನ್ನೋ ಕೊಡದ ಗಿಡಕ್ಕೆ ನೀರು ಹಾಕಿದವರನ್ನು ನಾನು ಕಂಡಿರಲಿಲ್ಲ. ಇಲ್ಲಿ ಮಗ್ಗುಲಲ್ಲೇ ಭದ್ರೆ. ಸಾಹೇಬರ ಬಂಗಲೆಗಳಲ್ಲಿ ಬರೀ ಎಲೆಯ ಚೆಂದಕ್ಕೆಂದು ಕುಂಡಗಳನ್ನು ಇಡುತ್ತಾರೆ. ಅಂಥದ್ದೊಂದು ಬಂಗಲೆಯ ಮಾಲಿಯಿಂದ ನಮ್ಮವರು ಒಂದು ತುಂಡು ತಂದುಕೊಟ್ಟರು. ಅಗಲ ಹಸಿರೆಲೆ, ಮೇಲೆಲ್ಲ ಬಿಳಿ ಚುಕ್ಕೆ. ಎಣ್ಣೆ ಡಬ್ಬದಲ್ಲಿ ನೆಟ್ಟು ಕಿಟಕಿಯ ಕೆಳಗಿಟ್ಟೆ. ಅದು ಚಿಗುರಿದ ದಿನ ನನಗೂ ಇಲ್ಲಿ ಬೇರು ಬಿಟ್ಟಂತಾಯಿತು.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡಿದರೆ ಕರುಪ್ಪಿಯ ಬಾಯಿಂದ ಜೊಲ್ಲು ಸುರಿಯುತ್ತಿದೆ. ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿದೆ, ಕೂಗಲು ಹೋದರೆ ದನಿಯಿಲ್ಲ. ಕಿಟಕಿಯ ಕೆಳಗೆ ಚುಕ್ಕೆ ಎಲೆಯ ಅಂಚು ಹಲ್ಲಿಗೆ ಸಿಕ್ಕು ಹರಿದಿತ್ತು. ಹಿಟ್ಟಿನ ಕೈಯಲ್ಲೇ ಬೆಕ್ಕನ್ನೆತ್ತಿಕೊಂಡು ಗಿರಿಜಮ್ಮನ ಬಾಗಿಲಿಗೆ ಓಡಿದೆ.

"ಅಮ್ಮಾರೀ, ಇದಕ್ಕೇನೋ ಆಗೇತ್ರಿ! ನನ್ನ ಗಿಡಾ ತಿಂದೈತ್ರಿ!"

ಗಿರಿಜಮ್ಮ ನಮ್ಮ ಮನೆಯೊಳಗೆ ಬಂದು ಎಲೆಯನ್ನು ತಿರುಗಿಸಿ ನೋಡಿದರು. "ಅಯ್ಯೋ ಮಾರಾಯ್ತಿ, ಇದು ಕೆಸುವಿನ ಜಾತಿ ಇದ್ದಂಗಿದೆ. ಕೆಸುವಿನೆಲೆ ಸರಿಯಾಗಿ ಬೇಯದಿದ್ರೆ ನಮಗೇ ಗಂಟಲು ಕೆರೆಯುತ್ತೆ. ಪಾಪ, ಇದು ಹಸೀದೇ ಕಡಿದಿದೆ."

ನಮ್ಮ ಬಯಲಲ್ಲಿ ಕೆಸುವೆಲ್ಲಿ? ನನಗೆ ಆ ಹೆಸರೇ ಹೊಸದು. ಇಬ್ಬರೂ ಸೇರಿ ಒದ್ದೆ ಬಟ್ಟೆಯಿಂದ ಅದರ ಬಾಯೊಳಗೆ ಒರೆಸಿದೆವು. ನಾಲಿಗೆ ಊದಿಕೊಂಡಿತ್ತು. ನನಗೆ ಅಳು ಬಂತು. ಈ ಊರಲ್ಲಿ ನನ್ನನ್ನು ಕಾಯುತ್ತಿದ್ದ ಜೀವ ಅದೊಂದೇ.

"ಅಳ್ಬೇಡ. ಶಿವಮೊಗ್ಗದಲ್ಲಿ ದನದ ಡಾಕ್ಟ್ರಿದಾರೆ. ಆ ಎಲೆ ಒಂದು ಚೂರು ಕಟ್ಕೋ. ನಾನೂ ಬರ್ತೀನಿ" ಎಂದು ಗಿರಿಜಮ್ಮ ಚಪ್ಪಲಿ ಮೆಟ್ಟಿಯೇಬಿಟ್ಟರು.

ಬಸ್ಸಿನಲ್ಲಿ ಗಿರಿಜಮ್ಮನ ತೊಡೆಯ ಮೇಲೆ ಕರುಪ್ಪಿಯಿದ್ದ ಬುಟ್ಟಿ ನೋಡಿ ಕಂಡಕ್ಟರ್, "ಏನಮ್ಮ ಅದು?" ಎಂದ.

"ಮಗಳು ಕಣಪ್ಪ. ಹುಷಾರಿಲ್ಲ."

ಅವನು ಬಟ್ಟೆ ಸರಿಸಿ ನೋಡಿ, ನಕ್ಕು ಮುಂದೆ ಹೋದ.

ಡಾಕ್ಟರು ಎಮ್ಮೆಯೊಂದನ್ನು ನೋಡಿ ಮುಗಿಸಿ ಬಂದರು. ಎಲೆ ನೋಡಿದರು, ಕರುಪ್ಪಿಯ ಬಾಯಿ ಬಿಡಿಸಿದರು, ಎದೆಗೆ ಕಿವಿಗೊಟ್ಟರು. "ಈ ರಸದಲ್ಲಿ ಸೂಜಿಯಂಥ ಹರಳಿರುತ್ತೆ, ಅದು ಬಾಯಿಗೆ ಚುಚ್ಚುತ್ತೆ. ಉಸಿರಾಟ ಸರಿಯಾಗಿದೆ, ಬದುಕುತ್ತೆ. ಬಾಯಿ ಒರೆಸಿದ್ದು ಒಳ್ಳೇದಾಯ್ತು. ವಾಂತಿ ಮಾಡಿಸೋಕೆ ಹೋಗ್ಬೇಡಿ, ತಣ್ಣನೆ ಹಾಲು ಸ್ವಲ್ಪ ಸ್ವಲ್ಪ ಕೊಡಿ" ಎಂದರು. ನಾನು ಅದನ್ನು ಕಟ್ಟಿಹಾಕಲೇ ಎಂದು ಕೇಳಿದೆ. "ಹಸಿರು ಕಂಡ್ರೆ ಕಡಿಯೋದು ಬೆಕ್ಕಿನ ಸ್ವಭಾವ. ಅದನ್ನ ಯಾಕೆ ಕಟ್ತೀರಿ? ಕಡಿಯೋಕೆ ಒಳ್ಳೇ ಹಸಿರು ಕೊಡಿ. ಗರಿಕೆ ಬೆಳೆಸಿ."

ವಾಪಸು ಬರುವಾಗ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಬಿಳಿ ಜೋಳ ಕಂಡೆ. ನಾನು ನಿಂತದ್ದನ್ನು ನೋಡಿ ಗಿರಿಜಮ್ಮನೇ ಚೌಕಾಸಿ ಮಾಡಿ ಕೊಡಿಸಿದರು. ಅವತ್ತಿನಿಂದ ನಮ್ಮಿಬ್ಬರ ನಡುವಿನ ಬಾಗಿಲು ಹಗಲಲ್ಲಿ ಮುಚ್ಚಿಲ್ಲ. ನನ್ನ ರೊಟ್ಟಿ ಆ ಕಡೆ ಹೋಗುತ್ತದೆ, ಅವರ ಕೆಸುವಿನ ಸಾರು ಈ ಕಡೆ ಬರುತ್ತದೆ. ಕರುಪ್ಪಿ ಮೂರನೆಯ ದಿನ ಹಾಲನ್ನ ತಿಂದಿತು. ಗಿಡವನ್ನು ನಮ್ಮವರು ಮಾಲಿಗೇ ಮರಳಿಸಿದರು. ಎಣ್ಣೆ ಡಬ್ಬದಲ್ಲಿ ಈಗ ಗರಿಕೆ ಇದೆ, ಅದರಲ್ಲಿ ಅರ್ಧ ಕರುಪ್ಪಿಯ ಹೊಟ್ಟೆಯಲ್ಲಿದೆ.

ಮೊನ್ನೆ ಪಂಚಮಿಗೆ ತವರಿಗೆ ಹೋಗಿದ್ದೆ. ಅವ್ವ ಪೂಜೆಗೆಂದು ಕಣಗಿಲೆಯ ಟೊಂಗೆ ಮುರಿದು ತಂಬಿಗೆಯ ನೀರಲ್ಲಿ ಹಾಕಿ ನೆಲದ ಮೇಲಿಟ್ಟಿದ್ದಳು. ಓಣಿಯ ಬೆಕ್ಕೊಂದು ಅದನ್ನು ಮೂಸುತ್ತಿತ್ತು. ನಾನು ಧಾವಿಸಿ ಹೋಗಿ ತಂಬಿಗೆಯನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟೆ.

"ಯಾಕ ಎತ್ತಿಟ್ಟಿ?"

"ಕಣಗಿಲಿ ವಿಷ, ಅವ್ವಾ. ಆ ನೀರು ಕುಡಿದ್ರೂ ಬೆಕ್ಕು ಸಾಯತೈತಿ."

ಅವ್ವ ನಕ್ಕಳು. "ನಿಮ್ಮೂರಾಗ ಬೆಕ್ಕಿಗೆ ಇಷ್ಟೆಲ್ಲಾ ನೋಡ್ತಾರೇನ?"

"ಹೂಂ, ನಮ್ಮೂರಾಗ ನೋಡ್ತಾರ" ಎಂದುಬಿಟ್ಟೆ.

ಅವ್ವನ ನಗು ನಿಂತಿತು. ಹೂ ಬಿಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಭದ್ರಾವತಿಯನ್ನು 'ನಮ್ಮೂರು' ಎಂದಾಗ ನಾನು ಹುಟ್ಟಿದ ಮನೆಯ ನಡುವೆ ನಿಂತಿದ್ದೆ.